ಒಂದು ಹೂವಿನ ಅಂತರ

೧೯೬೪ನೆಯ ಇಸವಿ ನವೆಂಬರ್ ಹದಿನೆಂಟು, ಬುಧವಾರ. ಬರ್ತಾ ಕ್ವಾಡ್ರಸಳ ಪೆಟ್ಟಿಗೆಯನ್ನು ಎತ್ತಲು ಆರು ಮಂದಿ ಬೇಕು. ಐದು ಮಂದಿ ಬಾಗಿ ಕೈಹಚ್ಚಿ ನಿಂತಿದ್ದರು. ತಲೆಯ ಕಡೆ ಎಡಭಾಗದ ಹಿಡಿ ಖಾಲಿಯಾಗಿತ್ತು.

"ಸ್ಟ್ಯಾನಿ ಎಲ್ಲಿ?" ಎಂದು ಮೌರಿಸ್ ಕೇಳಿದ. ಇಗರ್ಜಿಯ ಪರವಾಗಿ ಆ ವಾಡೆಯ ಮನೆಗಳ ಮದುವೆ ಮರಣಗಳನ್ನು ನೋಡಿಕೊಳ್ಳುವ ಗುರ್ಕಾರ ಅವನು.

"ಹಿತ್ತಿಲಲ್ಲಿ ಇದ್ದಾನೆ. ಮಲ್ಲಿಗೆ ಗಿಡದ ಹತ್ತಿರ."

"ಪಾದ್ರಿಗಳು ಕಾಯುತ್ತಾ ಇದ್ದಾರೆ ಅಂತ ಹೇಳಿ. ಗಿಡ ಎಲ್ಲಿಗೂ ಓಡುವುದಿಲ್ಲ ಮಾರಾಯ."

ಅದರ ಎದುರಿನ ಬಲಭಾಗದ ಹಿಡಿ ಹಿಡಿದಿದ್ದ ಕಜೆಟನ್ ತಲೆಯೆತ್ತಲಿಲ್ಲ. ಸತ್ತವಳು ಅವನ ಅಕ್ಕ. ಬರಬೇಕಾದವನು ಅವನ ತಮ್ಮ ಸ್ಟ್ಯಾನಿಸ್ಲಾಸ್. ಹಿತ್ತಿಲ ಕಡೆಯಿಂದ ಬಂದ ಹೆಜ್ಜೆಯ ಸದ್ದು ಪೆಟ್ಟಿಗೆಯ ಆಚೆ ಬದಿಯಲ್ಲಿ ನಿಂತಿತು. ಮಣ್ಣು ಹತ್ತಿದ ಒಂದು ಕೈ ಖಾಲಿ ಹಿಡಿಯನ್ನು ಹಿಡಿಯಿತು. ಆ ಕೈಯನ್ನು ಇಷ್ಟು ಹತ್ತಿರದಿಂದ ಕಜೆಟನ್ ಏಳು ವರ್ಷಗಳಿಂದ ಕಂಡಿರಲಿಲ್ಲ.

ಎತ್ತಿದರು. ಪೆಟ್ಟಿಗೆ ನಿರೀಕ್ಷೆಗಿಂತ ಹಗುರವಾಗಿತ್ತು.

ಶಂಕರಪುರದ ಆ ಕಿರುದಾರಿಯಲ್ಲಿ ಮೂರು ಮೂರು ಮಂದಿಯ ಎರಡು ಸಾಲು ನಡೆಯುವುದಕ್ಕೆ ಸ್ಥಳ ಸಾಲದು. ತಲೆಯ ಕಡೆಯ ಆ ಇಬ್ಬರ ಹೆಜ್ಜೆ ಒಂದಕ್ಕೊಂದು ಹೊಂದದೆ ಪೆಟ್ಟಿಗೆ ಎಡಕ್ಕೂ ಬಲಕ್ಕೂ ತೊನೆಯತೊಡಗಿತು.

"ಹೆಜ್ಜೆ ಕೂಡಿಸಿ," ಎಂದು ಮೌರಿಸ್ ಮೆಲ್ಲಗೆ ಹೇಳಿದ. "ಅಣ್ಣತಮ್ಮ ಇಬ್ಬರೂ ಹೆಜ್ಜೆ ಕೂಡಿಸಿ."

ಕಜೆಟನ್ ತಮ್ಮನಿಗೆ ಹೊಂದಲೆಂದು ಒಂದು ಹೆಜ್ಜೆಯನ್ನು ತಡೆದು ಹಾಕಿದ. ಅದೇ ಗಳಿಗೆಯಲ್ಲಿ ಸ್ಟ್ಯಾನಿಸ್ಲಾಸನೂ ತಡೆದು ಹಾಕಿದ. ಪೆಟ್ಟಿಗೆ ಮೊದಲಿನಂತೆಯೇ ತೊನೆಯಿತು.

*

ತಾಯಿ ತೀರಿಕೊಂಡ ವರ್ಷ ಬರ್ತಾ ಶಾಲೆ ಬಿಟ್ಟಳು. ಹೊತ್ತು ಮೂಡುವ ಮೊದಲೇ ಮಲ್ಲಿಗೆಯ ಮೊಗ್ಗು ಕೊಯ್ದು, ಜಗಲಿಯಲ್ಲಿ ಕುಳಿತು, ನೆನೆಸಿದ ಬಾಳೆನಾರಿನಲ್ಲಿ ಅವನ್ನು ಕಟ್ಟುವುದು ಅವಳ ಕೆಲಸವಾಯಿತು. ಇಬ್ಬರು ತಮ್ಮಂದಿರು ಶಾಲೆಗೆ ಹೋದರು. ಸಂಜೆ ಕಜೆಟನ್ ಅವಳ ಪಕ್ಕದಲ್ಲಿ ಕುಳಿತು ಲೆಕ್ಕಗಳನ್ನು ಗಟ್ಟಿಯಾಗಿ ಓದುತ್ತಿದ್ದ.

"ಲಘುತ್ತಮ ಸಾಮಾನ್ಯ ಅಪವರ್ತ್ಯ ಎಂದರೆ ಎಂತ?" ಎಂದು ಅವಳು ಒಂದು ದಿನ ಕೇಳಿದಳು.

ಹನ್ನೆರಡು ವರ್ಷದ ಹುಡುಗ ಅವಳಿಂದ ಎರಡು ಮಾಲೆ ಕಟ್ಟಿಸಿದ. ಒಂದರಲ್ಲಿ ಪ್ರತಿ ಆರನೆಯ ಮೊಗ್ಗಿನ ಜಾಗದಲ್ಲಿ ಒಂದು ಕೆಂಪು ಅಬ್ಬಲಿಗೆ. ಇನ್ನೊಂದರಲ್ಲಿ ಪ್ರತಿ ಎಂಟನೆಯದರ ಜಾಗದಲ್ಲಿ. ಎರಡನ್ನೂ ತುದಿ ಕೂಡಿಸಿ ಚಾಪೆಯ ಮೇಲೆ ಇಟ್ಟ.

"ಎರಡರಲ್ಲೂ ಅಬ್ಬಲಿಗೆ ಒಟ್ಟಿಗೆ ಎಲ್ಲಿ ಬಂತು ನೋಡು."

ಅವಳು ಬೆರಳಿಟ್ಟು ಎಣಿಸಿದಳು. "ಇಪ್ಪತ್ತನಾಲ್ಕು."

"ಮುಂದೆ?"

"ನಲವತ್ತೆಂಟು." ಸ್ವಲ್ಪ ಹೊತ್ತು ನೋಡುತ್ತಿದ್ದು, "ಒಂದು ಮಾಲೆ ಒಂದು ಹೂ ತಡವಾಗಿ ಶುರುವಾದರೆ?" ಎಂದಳು.

ಹುಡುಗನಿಗೆ ಗೊತ್ತಿರಲಿಲ್ಲ. ಮರುದಿನ ಮಾಸ್ತರರನ್ನು ಕೇಳಿದ. ಅವರು ಹೇಳಿದರು: ಆರಕ್ಕೂ ಎಂಟಕ್ಕೂ ಎರಡು ಎಂಬುದು ಸಾಮಾನ್ಯ ಅಪವರ್ತನ. ನಡುವೆ ಬಿಟ್ಟ ಅಂತರವನ್ನು ಆ ಎರಡು ಭಾಗಿಸಿದರೆ ಮಾತ್ರ ಕೆಂಪು ಹೂಗಳು ಕೂಡುತ್ತವೆ. ಒಂದನ್ನು ಎರಡು ನಿಶ್ಶೇಷವಾಗಿ ಭಾಗಿಸುವುದಿಲ್ಲ. ಆದುದರಿಂದ ಒಂದು ಹೂ ಸರಿದ ಮಾಲೆಗಳು ಎಷ್ಟು ಉದ್ದ ಕಟ್ಟಿದರೂ ಎಂದಿಗೂ ಕೂಡುವುದಿಲ್ಲ.

ಮನೆಗೆ ಬಂದಾಗ ಬರ್ತಾ ಅಡಿಗೆಯಲ್ಲಿದ್ದಳು. ಅವಳು ಮತ್ತೆ ಕೇಳಲಿಲ್ಲ. ಅವನು ಹೇಳಲೂ ಇಲ್ಲ.

*

ಗುಂಡಿಯ ಅಂಚಿನಲ್ಲಿ ನಿಂತು ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಕಜೆಟನ್ ಬಾಗಿದಾಗ ಎದುರುಬದಿಯಲ್ಲಿ ಸ್ಟ್ಯಾನಿಸ್ಲಾಸನೂ ಬಾಗಿದ್ದ. ಇಬ್ಬರ ಮಣ್ಣೂ ಮರದ ಮೇಲೆ ಒಟ್ಟಿಗೇ ಬಿದ್ದು ಒಂದೇ ಸದ್ದಾಯಿತು.

ಹಿಂದಿರುಗುವ ದಾರಿಯಲ್ಲಿ ಕಜೆಟನನ ಹೆಂಡತಿ ಝೀಟಾ ಅವನ ಸರಿಸಮ ನಡೆದಳು.

"ಇವತ್ತಾದರೂ ಮಾತಾಡಿ," ಎಂದಳು.

"ಅವನು ಮಾತಾಡಲಿ."

"ಅವನ ಮನೆಯಲ್ಲಿ ಹೆಂಡತಿ ಇದ್ದಿದ್ದರೆ ಅವಳೂ ಈಗ ಇದನ್ನೇ ಹೇಳುತ್ತಿದ್ದಳು. ಅವನೂ ನಿಮ್ಮ ಈ ಉತ್ತರವನ್ನೇ ಕೊಡುತ್ತಿದ್ದ."

"ಆಗಸ್ಟಿನಲ್ಲಿ ನಾನು ಬಗ್ಗಿದೆ, ಝೀಟಾ. ಬಗ್ಗಿದ್ದು ಗೊತ್ತಾಗಿ ಅವನು ತಪ್ಪಿಸಿಕೊಂಡ."

"ಗೊತ್ತಾಗಿ ಎಂದು ನಿಮಗೆ ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ.

*

ಕಜೆಟನ್ ಕಾರ್ಕಳದ ಒಂದು ಬಸ್ ಕಂಪೆನಿಯಲ್ಲಿ ಡ್ರೈವರ್. ಬಸ್ಸು ಐದು, ಡ್ರೈವರುಗಳು ಆರು; ಆದ್ದರಿಂದ ಪ್ರತಿಯೊಬ್ಬನಿಗೂ ಆರನೆಯ ದಿನ ರಜೆ. ಸ್ಟ್ಯಾನಿಸ್ಲಾಸ್ ಮಣಿಪಾಲದಲ್ಲಿ ಒಂದು ಆಸ್ಪತ್ರೆಯ ವಾರ್ಡ್ ಅಟೆಂಡರ್. ವಾರ್ಡು ಏಳು, ಅಟೆಂಡರುಗಳು ಎಂಟು. ಎಂಟನೆಯ ದಿನ ರಜೆ. ರಜೆಯ ದಿನ ಇಬ್ಬರೂ ಶಂಕರಪುರಕ್ಕೆ ಅಕ್ಕನ ಬಳಿ ಬರುತ್ತಿದ್ದರು.

"ನಿನ್ನ ಮಾಲೆಯ ಲೆಕ್ಕವೇ ಅಲ್ವಾ ಇದು?" ಎಂದು ಬರ್ತಾ ಮೊದಲು ಗುರುತಿಸಿ ನಕ್ಕಿದ್ದಳು.

ಇಪ್ಪತ್ತನಾಲ್ಕನೆಯ ದಿನ ಅವಳ ಮನೆಯಲ್ಲಿ ಹಬ್ಬ. ಸಾನ್ನಾ, ಅಂದರೆ ಅಕ್ಕಿಯ ಹಿಟ್ಟನ್ನು ಕಳ್ಳು ಹಾಕಿ ಉಬ್ಬಿಸಿ ಬೇಯಿಸಿದ ಮೆತ್ತನೆಯ ತಿಂಡಿ. ಜೊತೆಗೆ ಹಂದಿಮಾಂಸದ ಪದಾರ್ಥ. ಪಾನನಿರೋಧದ ಕಾಲ ಅದು. ಕಳ್ಳು ನೆರೆಮನೆಯ ಪ್ರಫುಲ್ಲಾಳ ತೆಂಗಿನ ಮರದಿಂದ, ಔಷಧಿಯ ಬಾಟಲಿಯಲ್ಲಿ, ಸೆರಗಿನ ಮರೆಯಲ್ಲಿ ಬರುತ್ತಿತ್ತು. ಹಿಂದಿನ ದಿನವೇ ಅಕ್ಕಿ ನೆನೆಸಿ ಅರೆಯಬೇಕು. ಅದಕ್ಕಾಗಿಯೇ ಬರ್ತಾಳಿಗೆ ದಿನ ಮುಂಚಿತವಾಗಿ ಗೊತ್ತಿರಬೇಕು. ಹಿಟ್ಟಿಗೆ ಬಿಟ್ಟು ಉಳಿದ ಕಳ್ಳು ತಮ್ಮಂದಿರ ಲೋಟಕ್ಕೆ ಹೋಗುತ್ತಿತ್ತು.

ಐವತ್ತೇಳರಲ್ಲಿ ಅಂಥ ಒಂದು ದಿನ ಉಂಡು ಕಾರ್ಕಳಕ್ಕೆ ಮರಳಿದ ಕಜೆಟನನನ್ನು, ಒಬ್ಬ ಡ್ರೈವರನಿಗೆ ಜ್ವರವೆಂದು, ಸಂಜೆಯ ಕೊನೆಯ ಟ್ರಿಪ್ಪಿಗೆ ಕಳುಹಿಸಿದರು. ಒಂದು ತಿರುವಿನಲ್ಲಿ ಬಸ್ಸು ಎತ್ತಿನ ಗಾಡಿಗೆ ತಾಗಿತು. ಗಾಡಿಯವನ ಕಾಲು ಮುರಿಯಿತು. ಅವನನ್ನು ತಂದದ್ದು ಸ್ಟ್ಯಾನಿಸ್ಲಾಸನ ವಾರ್ಡಿಗೆ.

ಬೆಳಿಗ್ಗೆ ಪೊಲೀಸಿನವನು ಬಂದಾಗ ಕಜೆಟನ್ ಬೆಂಚಿನ ಮೇಲೆ ಕುಳಿತಿದ್ದ. ಪೊಲೀಸಿನವನು ಅವನನ್ನು ಬಿಟ್ಟು ತಮ್ಮನನ್ನು ಕೇಳಿದ: "ನಿನ್ನೆ ನೀವು ಒಟ್ಟಿಗೆ ಇದ್ದಿರಂತೆ. ಇವನು ಕುಡಿದಿದ್ದನಾ?"

ಸ್ಟ್ಯಾನಿಸ್ಲಾಸ್ ಗಾಡಿಯವನ ಕಾಲನ್ನು ನೋಡಿದ. "ಮಧ್ಯಾಹ್ನ. ಒಂದು ಲೋಟ," ಎಂದ. ಎಲ್ಲಿ ಎಂದು ಎಷ್ಟು ಕೇಳಿದರೂ ಹೇಳಲಿಲ್ಲ.

ದಂಡ ಬಿತ್ತು, ಲೈಸೆನ್ಸು ಆರು ತಿಂಗಳು ಹೋಯಿತು. ಕೆಲಸಕ್ಕೆ ಮರಳಿದ ದಿನ ಕಜೆಟನ್, ತಮ್ಮನ ಸರದಿ ಯಾವ ದಿನಕ್ಕೆ ಬರುತ್ತದೆಂದು ಬರ್ತಾಳಿಂದ ತಿಳಿದುಕೊಂಡು, ಜೊತೆಯ ಡ್ರೈವರ್ ದೇವದಾಸನ ಹತ್ತಿರ ರಜೆಯ ದಿನವನ್ನು ಅದಲುಬದಲು ಮಾಡಿಕೊಂಡ. ಬೇಕಾದದ್ದು ಒಂದೇ ದಿನದ ಅಂತರ. ಅಷ್ಟು ಸಾಕೆಂದು ಅವನಿಗೆ ಗೊತ್ತಿತ್ತು.

"ಮತ್ತೆ ಯಾವಾಗ ಕೂಡುತ್ತದೆ, ಕಜೆ?" ಎಂದು ಬರ್ತಾ ಕೇಳಿದಳು.

"ಸರದಿ ಎಲ್ಲ ಬದಲಾಗಿದೆ ಅಕ್ಕಾ. ಈಗ ಲೆಕ್ಕ ದೊಡ್ಡದು. ಬರುತ್ತದೆ. ಕಾಯಬೇಕು."

ಅವಳು ಕಾದಳು. ಪ್ರಶ್ನೆ ಪ್ರತಿ ಸಲವೂ ಬಂತು. ಉತ್ತರ ಪ್ರತಿ ಸಲವೂ ಅದೇ. ವರ್ಷಗಳು ಹೋದ ಹಾಗೆ ಕೋಪ ಸವೆಯಿತು. ಸುಳ್ಳು ಮಾತ್ರ ಸವೆಯಲಿಲ್ಲ. ಒಂದು ದಿನ ಬದಲಿಸಿದವನಿಗೆ ಮತ್ತೊಂದು ದಿನ ಬದಲಿಸುವುದು ಕಷ್ಟವಾಗಿರಲಿಲ್ಲ, ಬದಲಿಸಿದೆನೆಂದು ಒಪ್ಪುವುದು ಕಷ್ಟವಾಗಿತ್ತು.

ಈ ವರ್ಷ ಮಳೆಗಾಲದಲ್ಲಿ ಅವಳ ಪಾದಗಳು ಬಾತುಕೊಂಡವು. ಹೃದಯದ ಕವಾಟ ಕೆಟ್ಟಿದೆ ಎಂದರು ಮಣಿಪಾಲದ ಡಾಕ್ಟರು. ಆಗಸ್ಟ್ ಇಪ್ಪತ್ತೊಂದರಂದು ಕಜೆಟನ್ ಬಂದು ಅವಳ ಮಂಚದ ಬದಿಯಲ್ಲಿ ಕುಳಿತ.

"ಅಕ್ಕಾ, ಇಪ್ಪತ್ತೇಳಕ್ಕೆ ಕೂಡುತ್ತದೆ."

ಬರ್ತಾ ಅವನನ್ನು ಬಹಳ ಹೊತ್ತು ನೋಡಿದಳು. "ಇಪ್ಪತ್ತೇಳಕ್ಕಾ?"

"ಹೌದು. ಸ್ಟ್ಯಾನಿಗೆ ಹೇಳಬೇಡ. ತಾನಾಗಿ ಕೂಡಿಬಂದ ಹಾಗೆ ಇರಲಿ."

"ಆಗಲಿ," ಎಂದಳು. "ಹೇಳುವುದಿಲ್ಲ."

ಇಪ್ಪತ್ತೇಳರಂದು ಮೂರು ತಟ್ಟೆ ಹಾಕಿದ್ದಳು. ಹಬೆಯಾಡುವ ಸಾನ್ನಾ ಆರುವವರೆಗೆ ಕಜೆಟನ್ ಬಾಗಿಲನ್ನು ನೋಡಿದ. ಸ್ಟ್ಯಾನಿಸ್ಲಾಸ್ ಬರಲಿಲ್ಲ. "ಉಣ್ಣು ಕಜೆ," ಎಂದಳು ಬರ್ತಾ. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದನ್ನು ಅವನು ಗಮನಿಸಿದ್ದ. ಅರ್ಥ ಮಾಡಿಕೊಂಡಿರಲಿಲ್ಲ.

*

ಸಾವಿನ ಮನೆಯಲ್ಲಿ ಒಲೆ ಉರಿಸುವಂತಿಲ್ಲ. ಪ್ರಫುಲ್ಲಾ ತನ್ನ ಮನೆಯಲ್ಲಿ ಗಂಜಿ ಬೇಯಿಸಿ, ಉಪ್ಪಿನಕಾಯಿಯ ಭರಣಿಯೊಂದಿಗೆ ಬೇಲಿಯ ತಡಮೆ ದಾಟಿ ತಂದಳು. ಜಗಲಿಯಲ್ಲಿ ಗಂಡಸರು ಸಾಲಾಗಿ ಕುಳಿತರು. ಅಣ್ಣತಮ್ಮಂದಿರ ನಡುವೆ ದೇವದಾಸ ಕುಳಿತ. ಆ ಸ್ಥಳವನ್ನು ಇಬ್ಬರೂ ಅವನಿಗೆ ಬಿಟ್ಟಿದ್ದರು.

"ನಿನ್ನೆ ಬೆಳಿಗ್ಗೆ ಹೂ ಬರಲಿಲ್ಲ ಎಂದು ಕರೆಯಲಿಕ್ಕೆ ಬಂದೆ," ಎಂದು ಪ್ರಫುಲ್ಲಾ ಬಡಿಸುತ್ತಲೇ ಹೇಳಿದಳು. ಬರ್ತಾ ಕಟ್ಟಿದ ಹೂವನ್ನು ಕಾಪುವಿನ ಹೂ ಮಾರುವ ಕಟ್ಟೆಗೆ ಒಯ್ಯುತ್ತಿದ್ದವಳು ಅವಳೇ. "ಮಲಗಿದ್ದ ಹಾಗೆಯೇ ಇತ್ತು. ಬುಟ್ಟಿ ಕಾಲಬುಡದಲ್ಲಿ ಇಟ್ಟುಕೊಂಡಿದ್ದರು, ಏಳುವಾಗ ಸಿಗಲಿ ಎಂದು."

ದೇವದಾಸ ಉಣ್ಣುವುದನ್ನು ನಿಲ್ಲಿಸಿದ.

"ಪೊರ್ಬುಗಳೇ, ನನ್ನದೂ ಒಂದು ತಪ್ಪು ಉಂಟು," ಎಂದು ಅವನು ಕಜೆಟನನ ಕಡೆ ತಿರುಗಿದ. "ಆಗಸ್ಟಿನಲ್ಲಿ ನೀವು ರಜೆ ಬದಲಿಸಿಕೊಡು ಎಂದಾಗ ನಾನು ಎಷ್ಟು ಸತಾಯಿಸಿದೆ! ಏಳು ವರ್ಷದ ಹಿಂದೆ ಒಂದು ಸಲ, ಈಗ ಪುನಃ ಒಂದು ಸಲ, ನಿಮಗೆ ಎಂತ ಹುಚ್ಚು ಎಂದು ಕೇಳಿದೆ. ಅಕ್ಕನಿಗೋಸ್ಕರ ಎಂದು ಒಂದು ಮಾತು ಹೇಳಬಾರದಿತ್ತಾ?"

ಸ್ಟ್ಯಾನಿಸ್ಲಾಸನ ಕೈ ತಟ್ಟೆಯ ಮೇಲೆ ನಿಂತಿತು.

"ಯಾವ ದಿನದಿಂದ ಯಾವ ದಿನಕ್ಕೆ?" ಎಂದು ಅವನು ದೇವದಾಸನನ್ನು ಕೇಳಿದ.

"ಇಪ್ಪತ್ತೆರಡಕ್ಕೆ ಬರಬೇಕಾದದ್ದು ಇಪ್ಪತ್ತೊಂದಕ್ಕೆ."

"ಒಂದು ದಿನ ಹಿಂದೆ."

"ಹೌದು. ಒಂದೇ ದಿನ. ಅದಕ್ಕೇ ನನಗೆ ತಮಾಷೆ ಕಂಡದ್ದು."

ಸ್ಟ್ಯಾನಿಸ್ಲಾಸ್ ಗಂಜಿಯನ್ನು ನೋಡುತ್ತಲೇ ಮಾತಾಡಿದ. ಈ ಸಲ ಅವನು ಮಾತಾಡಿದ್ದು ದೇವದಾಸನೊಂದಿಗಲ್ಲ.

"ನಾನು ಅದೇ ವಾರ ಮೇಟ್ರನ್ ಹತ್ತಿರ ಹೋದೆ. ನನ್ನ ಹತ್ತೊಂಬತ್ತರ ರಜೆಯನ್ನು ಇಪ್ಪತ್ತಕ್ಕೆ ಹಾಕಿಸಿದೆ. ಒಂದು ದಿನ ಮುಂದೆ."

ಕಜೆಟನನಿಗೆ ಲೆಕ್ಕ ಮಾಡಲು ಬೆರಳು ಬೇಕಾಗಲಿಲ್ಲ. ಇಬ್ಬರಲ್ಲಿ ಒಬ್ಬನೇ ಸರಿದಿದ್ದರೆ ಅಂತರ ಎರಡರಿಂದ ಭಾಗವಾಗುತ್ತಿತ್ತು. ಇಬ್ಬರೂ ಸರಿದದ್ದರಿಂದ ಮತ್ತೆ ಅದು ಬೆಸವಾಯಿತು. ಎರಡು ಮಾಲೆಗಳನ್ನೂ ಒಂದೊಂದು ಹೂ ಎಳೆದಿದ್ದರು.

"ಇಪ್ಪತ್ತೇಳಕ್ಕೆ ನಾನು ನಿನ್ನನ್ನು ಕಾದೆ," ಎಂದ ಕಜೆಟನ್.

"ಇಪ್ಪತ್ತೆಂಟಕ್ಕೆ ನಾನು ಕಾದೆ. ಅಕ್ಕನಿಗೆ ಮುಂಚೆಯೇ ಹೇಳಿದ್ದೆ, ಇಪ್ಪತ್ತೆಂಟಕ್ಕೆ ಕೂಡುತ್ತದೆ ಎಂದು. ಅಣ್ಣನಿಗೆ ಹೇಳಬೇಡ ಎಂದಿದ್ದೆ."

ಪ್ರಫುಲ್ಲಾ ಸೌಟು ಹಿಡಿದು ನಿಂತುಬಿಟ್ಟಳು.

"ಹಾಗಾ?" ಎಂದಳು. "ಎರಡು ದಿನ ಸಾಲಾಗಿ ಬಾಟಲಿ ಬೇಕು ಅಂದ್ರು ಬರ್ತಾ ಬಾಯಿ. ನಿನ್ನೆಯೇ ಕೊಟ್ಟೆನಲ್ಲ, ಎಂತಕ್ಕೆ ಇನ್ನೊಂದು ಎಂದು ನಾನು ಕೇಳಿದೆ. ನೀವೇ ಕುಡಿಯುತ್ತೀರಾ ಎಂದು ಹಾಸ್ಯ ಮಾಡಿದೆ. ನಕ್ಕರು. ನಿಲ್ಲಲಿಕ್ಕೆ ಆಗದೆ ಕಡೆಯುವ ಕಲ್ಲಿನ ಮುಂದೆ ಮಣೆ ಹಾಕಿಕೊಂಡು ಎರಡು ದಿನವೂ ಅರೆದರು. ನಾನು ಅರೆಯುತ್ತೇನೆ ಎಂದರೆ ಬಿಡಲಿಲ್ಲ."

ಮೌರಿಸ್ ಎದ್ದು ಕೈತೊಳೆಯಲು ಹೋದ. ದೇವದಾಸನೂ ತಟ್ಟೆ ಹಿಡಿದು ಎದ್ದ. ಅಣ್ಣತಮ್ಮಂದಿರ ನಡುವೆ ಒಬ್ಬನು ಕೂರುವಷ್ಟು ಸ್ಥಳ ಖಾಲಿಯಾಯಿತು.

"ಅವಳಿಗೆ ಎರಡೂ ದಿನ ಗೊತ್ತಿತ್ತು," ಎಂದ ಕಜೆಟನ್.

"ಇಬ್ಬರಿಗೂ ಮಾತು ಕೊಟ್ಟಿದ್ದಳು."

"ಐವತ್ತೇಳರಲ್ಲಿ ದಿನ ಬದಲಿಸಿದ್ದು ನಾನೇ, ಸ್ಟ್ಯಾನಿ. ಬೇಕೆಂದೇ. ಎಂದಿಗೂ ಕೂಡಬಾರದು ಎಂದು."

"ಗೊತ್ತು. ನಾನೂ ಅದೇ ಮಾಸ್ತರರ ಹತ್ತಿರ ಕಲಿತವನು."

"ಅಕ್ಕನಿಗೆ ಕೂಡುತ್ತದೆ ಎಂದು ಹೇಳುತ್ತಾ ಬಂದೆ."

"ಅದೂ ಗೊತ್ತು. ಪ್ರತಿ ಸಲ ನನ್ನನ್ನು ಕೇಳುತ್ತಿದ್ದಳು. ಕಜೆ ಹೇಳುತ್ತಾನೆ, ಲೆಕ್ಕ ದೊಡ್ಡದಂತೆ, ಹೌದಾ ಎಂದು." ಸ್ಟ್ಯಾನಿಸ್ಲಾಸ್ ತಟ್ಟೆಯನ್ನು ನೆಲಕ್ಕಿಟ್ಟ. "ಹೌದು ಎನ್ನುತ್ತಿದ್ದೆ. ಒಂದು ಸಲ ನಿಜ ಹೇಳಿ ಏನಾಯಿತೆಂದು ನೋಡಿದ್ದೆನಲ್ಲ."

ಕಜೆಟನ್ ಆ ಮಾತನ್ನು ಕೇಳಿಸಿಕೊಂಡ. ಅದಕ್ಕೆ ಪ್ರತಿಯಾಗಿ ಹೇಳಬೇಕಾದದ್ದನ್ನು ಏಳು ವರ್ಷ ತಡಮಾಡಿದ್ದ. ಈಗಲೂ ಅದು ನೇರವಾಗಿ ಬಾಯಿಗೆ ಬರಲಿಲ್ಲ.

"ಆ ಗಾಡಿಯವನು ಈಗ ನಡೆಯುತ್ತಾನಾ?" ಎಂದು ಕೇಳಿದ.

"ಕುಂಟುತ್ತಾನೆ."

ಕಜೆಟನ್ ತಟ್ಟೆಯನ್ನು ಬದಿಗೆ ಸರಿಸಿ, "ನನ್ನ ರಜೆ ನಾಳೆ," ಎಂದ.

"ನನ್ನದು ಇಪ್ಪತ್ತನಾಲ್ಕಕ್ಕೆ."

ಹತ್ತೊಂಬತ್ತು, ಇಪ್ಪತ್ತನಾಲ್ಕು. ಅಂತರ ಐದು. ಇಬ್ಬರೂ ಅಂಗಳವನ್ನು ನೋಡುತ್ತಾ ಒಂದೇ ಲೆಕ್ಕ ಮಾಡಿದರು.

"ನಾನು ಒಂದು ದಿನ..." ಎಂದು ಇಬ್ಬರೂ ಒಟ್ಟಿಗೇ ಆರಂಭಿಸಿ, ಒಟ್ಟಿಗೇ ನಿಲ್ಲಿಸಿದರು.

"ನೀನು ಅಲುಗಬೇಡ," ಎಂದ ಕಜೆಟನ್. "ದಯವಿಟ್ಟು ಅಲುಗಬೇಡ. ಇಪ್ಪತ್ತನಾಲ್ಕಕ್ಕೆ ನಾನೇ ಬರುತ್ತೇನೆ."

"ಎಲ್ಲಿಗೆ?" ಎಂದು ಸ್ಟ್ಯಾನಿಸ್ಲಾಸ್ ಕೇಳಿದ. ಅದರಲ್ಲಿ ಕೊಂಕಿರಲಿಲ್ಲ. ಉತ್ತರ ಸಿಗಬಹುದೆಂದು ಅವನು ಅಣ್ಣನ ಮುಖವನ್ನು ನಿಜವಾಗಿಯೂ ನೋಡಿದ.

ಕಜೆಟನ್ ಎದ್ದು ಒಳಗೆ ಹೋದ. ಅಡಿಗೆಮನೆಯ ಕಿಟಕಿಯ ದಂಡೆಯ ಮೇಲೆ ಔಷಧಿಯ ಎರಡು ಬಾಟಲಿಗಳು ತೊಳೆದು, ಬಾಯಿ ಕೆಳಗೆ ಮಾಡಿ, ಅಕ್ಕಪಕ್ಕ ಇದ್ದವು. ಆಗಸ್ಟಿನ ಆ ಎರಡು ದಿನ ಬಂದವು, ಪ್ರಫುಲ್ಲಾಳಿಗೆ ಹಿಂದಿರುಗಿಸಬೇಕಾದವು. ಅವುಗಳ ನಡುವೆ ಒಂದು ಬೆರಳು ಹಿಡಿಸುವಷ್ಟು ಎಡೆಯಿತ್ತು. ಒಂದು ಬಾಟಲಿ ಸಾಕಾಗುತ್ತಿತ್ತು.

ಅವನು ಎರಡನ್ನೂ ಎತ್ತಿಕೊಂಡು ಹೊರಗೆ ಬಂದ. ಸ್ಟ್ಯಾನಿಸ್ಲಾಸ್ ಕೈ ಚಾಚಿದ. ಕಜೆಟನ್ ಒಂದನ್ನು ಕೊಟ್ಟ.

ಹೊತ್ತು ಮುಳುಗಿತ್ತು. ಪ್ರಫುಲ್ಲಾಳ ಮನೆಯ ತಡಮೆಗೆ ಹೋಗುವ ದಾರಿ ಮಲ್ಲಿಗೆ ಗಿಡಗಳ ನಡುವೆ ಇತ್ತು. ಎರಡು ದಿನಗಳಿಂದ ಕೊಯ್ಯದೆ ಉಳಿದ ಮೊಗ್ಗುಗಳು ಗಿಡದಲ್ಲೇ ಅರಳಿದ್ದವು. ನಿನ್ನೆಯವು ಆಗಲೇ ನೆಲಕ್ಕೆ ಬಿದ್ದಿದ್ದವು. ಗಿಡದಲ್ಲಿ ಒಂದು ಹೂ ಅರಳಲೂ ಬರ್ತಾ ಬಿಟ್ಟವಳಲ್ಲ. ಒಬ್ಬನೇ ಒಯ್ಯಬಹುದಾಗಿದ್ದ ಎರಡು ಖಾಲಿ ಬಾಟಲಿಗಳನ್ನು ಒಬ್ಬೊಬ್ಬರು ಒಂದೊಂದು ಹಿಡಿದು, ಬಿದ್ದ ಹೂವಿನ ಮೇಲೆ ಕಾಲಿಡದಂತೆ ತಗ್ಗಿ ನೋಡುತ್ತಾ, ಒಬ್ಬನ ಹಿಂದೆ ಒಬ್ಬನು ನಡೆದರು.